ಹಡಗು ಮುಳುಗದೆಯೂ ಹಡಗಿನ ಕೊರತೆ

ಇಲ್ಲಿ ಸ್ವೀಡನ್ನಿನಲ್ಲಿ ನಾವು ತಿನ್ನೋ ಸೋನಾ ಮಸೂರಿ, ತೊಗರಿಬೇಳೆ ಸಾಮಾನ್ಯವಾಗಿ ಬರೋದು ಹಡಗಿನಲ್ಲಿ. ಹತ್ತಿರದ ದಾರಿ ಅಂದ್ರೆ ಕೆಂಪು ಸಮುದ್ರ, ಸೂಯೆಜ್ ಕಾಲುವೆ. 2023ರ ನವೆಂಬರಿನಿಂದ ಯೆಮನ್‌ನ ಹೂತಿಗಳು ಅಲ್ಲಿ ಹಡಗುಗಳ ಮೇಲೆ ದಾಳಿ ಶುರುಮಾಡಿದರು. ದೊಡ್ಡ ಕಂಪನಿಗಳ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಬರತೊಡಗಿದವು. ಒಂದು ಕಡೆಗೆ ಸುಮಾರು 10 ದಿನ ಹೆಚ್ಚು.

ಹತ್ತು ದಿನ ತಾನೇ, ಕಾದರಾಯ್ತು ಅನ್ನಿಸಬಹುದು. ಲೆಕ್ಕ ಹಾಕೋಣ. ಒಂದು ಹಡಗು ಏಷ್ಯಾದಿಂದ ಯುರೋಪಿಗೆ ಹೋಗಿಬರೋಕೆ 12 ವಾರ ಅಂದುಕೊಳ್ಳಿ. ವಾರಕ್ಕೊಂದು ಹಡಗು ಬರಬೇಕಾದರೆ 12 ಹಡಗು ಸಾಕು. ಪ್ರಯಾಣ 15 ವಾರವಾದರೆ? 15 ಹಡಗು ಬೇಕು. ಇರೋದು 12 ಮಾತ್ರ. ಅಂದರೆ ಪ್ರತಿ ಐದು ವಾರದಲ್ಲಿ ಒಂದು ವಾರ ಹಡಗೇ ಇಲ್ಲ! ಖಾಲಿ ಕಂಟೇನರುಗಳೂ ತಡವಾಗಿ ವಾಪಸ್ಸಾಗುತ್ತವೆ, ಬಾಡಿಗೆ ಏರುತ್ತೆ.

2024ರ ಜನವರಿಯಲ್ಲಿ ಸ್ವೀಡನ್ನಿನ ವೋಲ್ವೊ ಕಾರ್ಸ್ ಬೆಲ್ಜಿಯಂನ ಗೆಂಟ್ ಕಾರ್ಖಾನೆಯಲ್ಲಿ 3 ದಿನ ಉತ್ಪಾದನೆ ನಿಲ್ಲಿಸಬೇಕಾಯಿತು. ಕಾರಣ, ಗೇರ್‌ಬಾಕ್ಸ್ ಬರೋದು ತಡವಾಯಿತು. ಜೀವವಿಜ್ಞಾನಿಗಳಾದ ನಮಗೆ ಇದು ಹಳೇ ಪಾಠ: ಮಿಕ್ಕ ಪೋಷಕಾಂಶ ಎಷ್ಟೇ ಇರಲಿ, ರಂಜಕವೊಂದೇ ಸಾಲದಿದ್ದರೆ ಗಿಡದ ಬೆಳವಣಿಗೆ ಅಷ್ಟಕ್ಕೇ ನಿಲ್ಲುತ್ತೆ. ಕಾರ್ಖಾನೆಯೂ ಹಾಗೇ.

ದಾಸ್ತಾನು ಇಡದೆ, ಬೇಕಾದಾಗ ಬೇಕಾದಷ್ಟೇ ತರಿಸಿದರೆ ದುಡ್ಡು ಉಳಿಯುತ್ತೆ, ನಿಜ. ಆದರೆ ದಾರಿ ತೆರೆದಿರೋವರೆಗೆ ಮಾತ್ರ. ಮಳೆಗಾಲಕ್ಕೆ ಮುಂಚೆಯೇ ಅಕ್ಕಿ, ಬೇಳೆ, ಹಪ್ಪಳ ಕೂಡಿಡುತ್ತಿದ್ದ ಮಲೆನಾಡಿನ ಮನೆಗಳಿಗೆ ಇದು ಗೊತ್ತಿತ್ತು. ಮತ್ತೆ ಸಿಗೋಣ.