ತೋಟದ ಯಂತ್ರಕ್ಕೊಬ್ಬ ಕಾವಲುಗಾರ



ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಹೊಲದಲ್ಲಿ ಅಟ್ಟ ಕಟ್ಟಿ ಹಕ್ಕಿ ಕಾಯುವುದು ಉಮದಿಯ ಹಿರಿಯರಿಗೆ ಹೊಸದಲ್ಲ. ಅಟ್ಟದ ಮೇಲಿನವನು ಆಗಾಗ ಕೂಗು ಹಾಕಬೇಕು, ಕವಣೆ ಬೀಸಬೇಕು. ಕೂಗು ಕೇಳುತ್ತಿರುವವರೆಗೆ ಪಕ್ಕದ ಹೊಲದವರಿಗೆ ಚಿಂತೆಯಿಲ್ಲ. ಬಹಳ ಹೊತ್ತು ಕೇಳದಿದ್ದರೆ, "ಏನೋ ತಮ್ಮಾ, ನಿದ್ದಿ ಹತ್ತಿತೇನು?" ಎಂದು ಯಾರಾದರೂ ಎಬ್ಬಿಸಲು ಹೋಗುತ್ತಾರೆ. ಇಂದು ನಾವು ಮಾತಾಡಲಿರುವ ವಾಚ್‌ಡಾಗ್ ಟೈಮರ್ ಮಾಡುವ ಕೆಲಸವೂ ಇದೇ. ಮರಾಠಿಯಲ್ಲಿ ರಾಖಣದಾರ ಎನ್ನಿ, ಕನ್ನಡದಲ್ಲಿ ಕಾವಲುಗಾರ ಎನ್ನಿ, ಅರ್ಥ ಒಂದೇ.

ಈ ಕಾವಲುಗಾರ ನಮಗೇಕೆ ಬೇಕು? ನಮ್ಮ ಜತ್ತ ತಾಲೂಕಿನಲ್ಲಿ ನೀರಿನ ಬೆಲೆ ಎಷ್ಟೆಂದು ನಿಮಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ದ್ರಾಕ್ಷಿ, ದಾಳಿಂಬೆ ಉಳಿಸಿಕೊಂಡವರು ನೀವು. ಎಲೆಕ್ಟ್ರಾನಿಕ್ಸ್ ಕಲಿಯುವ ಮಕ್ಕಳು ಮನೆಯಲ್ಲೇ ಮಾಡಬಹುದಾದ ಒಂದು ಸಾಧನವಿದೆ. ಅದರೊಳಗೆ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಗಣಕ ಇರುತ್ತದೆ. ಅದು ಬ್ಯಾಟರಿ ಉಳಿಸಲು ನಿದ್ದೆ ಮಾಡುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಮಣ್ಣಿನ ತೇವ ಅಳೆಯುತ್ತದೆ. ತೇವ ಕಡಿಮೆಯಿದ್ದರೆ ಹನಿ ನೀರಾವರಿಯ ವಾಲ್ವ್ ತೆರೆಯುತ್ತದೆ. ಬ್ಯಾಟರಿಗೆ ಹೊಂದುವ ವಾಲ್ವ್‌ಗೆ ಒಂದು ಗುಣವುಂಟು. ತೆರೆಯಲು ಒಮ್ಮೆ ವಿದ್ಯುತ್ತಿನ ತಟ್ಟು ಕೊಟ್ಟರೆ ಸಾಕು; ಮತ್ತೊಂದು ತಟ್ಟು ಕೊಟ್ಟು ಮುಚ್ಚುವವರೆಗೆ ಅದು ತೆರೆದೇ ಇರುತ್ತದೆ.

ಈಗ ಯೋಚಿಸಿ. ವಾಲ್ವ್ ತೆರೆದ ಮರುಗಳಿಗೆಯಲ್ಲಿ, ಹತ್ತಿರದ ಪಂಪಿನ ಸ್ಟಾರ್ಟರ್ ಎದ್ದ ಅಬ್ಬರಕ್ಕೋ ಪ್ರೋಗ್ರಾಮಿನ ತಪ್ಪಿಗೋ ಗಣಕ ಸ್ತಬ್ಧವಾಯಿತು ಎನ್ನೋಣ. ಮುಚ್ಚುವವರು ಯಾರು? ಗಂಟೆಗೆ 1000 ಲೀಟರ್ ಹರಿಯುವ ಕೊಳವೆಯಾದರೆ, 5000 ಲೀಟರಿನ ಟ್ಯಾಂಕರ್ ನೀರು ಐದು ಗಂಟೆಯಲ್ಲಿ ಖಾಲಿ. ಬೆಳಗ್ಗೆ ನೀವು ತೋಟಕ್ಕೆ ಬರುವಷ್ಟರಲ್ಲಿ ಟಾಕಿ ಬರಿದು.

ಇದು ಸಣ್ಣವರ ಯಂತ್ರಕ್ಕೆ ಮಾತ್ರ ಬರುವ ರೋಗ ಎಂದುಕೊಳ್ಳಬೇಡಿ. ಅಮೆರಿಕೆಯು 1994ರ ಜನವರಿಯಲ್ಲಿ ಕ್ಲೆಮೆಂಟೈನ್ ಎಂಬ ನೌಕೆಯನ್ನು ಚಂದ್ರನತ್ತ ಕಳಿಸಿತು. ಚಂದ್ರನ ನಕ್ಷೆ ತೆಗೆಯುವ ಕೆಲಸ ಚೆನ್ನಾಗಿಯೇ ಮುಗಿಯಿತು. ಮುಂದೆ ಜಿಯೊಗ್ರಾಫೊಸ್ ಎಂಬ ಕ್ಷುದ್ರಗ್ರಹದ ಬಳಿ ಹೋಗಬೇಕಿತ್ತು. 1994ರ ಮೇ 7ರಂದು ನೌಕೆಯ ಗಣಕ ಕೆಟ್ಟು ನಿಂತಿತು. ತಿರುಗಿಸುವ ಪುಟ್ಟ ರಾಕೆಟ್ಟುಗಳು ಮಾತ್ರ ಉರಿಯುತ್ತಲೇ ಇದ್ದವು. ಹನ್ನೊಂದು ನಿಮಿಷಗಳಲ್ಲಿ ಅವುಗಳ ಇಂಧನವೆಲ್ಲ ತೀರಿತು. ನೌಕೆ ಬುಗುರಿಯಂತೆ ನಿಮಿಷಕ್ಕೆ ಸುಮಾರು 80 ಸುತ್ತು ತಿರುಗತೊಡಗಿತು, ಕ್ಷುದ್ರಗ್ರಹದ ಭೇಟಿ ಕೈಬಿಟ್ಟುಹೋಯಿತು. ಆ ಯಂತ್ರದಲ್ಲಿ ಕಾವಲು ಟೈಮರಿನ ಸೌಲಭ್ಯ ಇತ್ತು, ಅದನ್ನು ಬಳಸಿಕೊಂಡಿರಲಿಲ್ಲ. ನಮ್ಮ ತೆರೆದ ವಾಲ್ವಿಗೂ ಅವರ ಉರಿಯುವ ರಾಕೆಟ್ಟಿಗೂ ಭೇದವೇನು?

ಹುಡುಗರು ಕೇಳಬಹುದು: ಎಟಿಮೆಗಾ 328ಪಿ ಚಿಪ್ಪಿನೊಳಗೇ ಕಾವಲು ಟೈಮರ್ ಇದೆಯಲ್ಲ? ಇದೆ, ಒಳ್ಳೆಯದೂ ಹೌದು. ಆದರೆ ಅದು ಹೆಚ್ಚೆಂದರೆ ಸುಮಾರು 8 ಸೆಕೆಂಡು ಕಾಯುತ್ತದೆ. ನಮ್ಮ ಯಂತ್ರ ಮಲಗುವುದು 900 ಸೆಕೆಂಡು. ಹಾಗಾಗಿ ನಿದ್ದೆಯ ನಡುವೆ ನೂರಕ್ಕೂ ಹೆಚ್ಚು ಬಾರಿ ಎಚ್ಚರಗೊಳಿಸಬೇಕು, ಇಲ್ಲವೇ ಮಲಗುವಾಗ ಕಾವಲನ್ನೇ ಆರಿಸಬೇಕು. ಆರಿಸಿದರೆ ಕಾವಲು ಎಲ್ಲಿಯದು? ಆದ್ದರಿಂದ ಹೊರಗೆ, ತನ್ನದೇ ಗಡಿಯಾರವುಳ್ಳ ಕಾವಲುಗಾರನನ್ನು ಕೂರಿಸೋಣ.

ಪೆನ್ಸಿಲ್, ಕಾಗದ ತೆಗೆದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ. ಬೇಕಾದದ್ದು ಸಿಡಿ 4060 ಎಂಬ ಹದಿನಾರು ಕಾಲಿನ ಚಿಪ್ಪು. ಇದು ತಾನೇ ಮಿಡಿಯುತ್ತದೆ, ಮಿಡಿತಗಳನ್ನು ತಾನೇ ಎಣಿಸುತ್ತದೆ. 16ನೇ ಕಾಲು ಬ್ಯಾಟರಿಯ ಧನಕ್ಕೆ, 8ನೇ ಕಾಲು ಋಣಕ್ಕೆ. ಇದಕ್ಕೆ ಕನಿಷ್ಠ 3 ವೋಲ್ಟ್ ಬೇಕು; ಆದ್ದರಿಂದ ಎರಡಲ್ಲ, ಮೂರು ಪೆನ್ಸಿಲ್ ಸೆಲ್ ಹಾಕಿ. 9ನೇ ಕಾಲಿನಿಂದ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್, 10ನೆಯದರಿಂದ 680 ಕಿಲೋ ಓಮ್, 11ನೆಯದರಿಂದ 2.2 ಮೆಗಾ ಓಮ್ ರೆಸಿಸ್ಟರ್ ತಂದು ಮೂರರ ತುದಿಗಳನ್ನೂ ಒಂದೇ ಗಂಟಿಗೆ ಬೆಸುಗೆ ಹಾಕಿ. ಕೆಪಾಸಿಟರ್ ಪಾಲಿಯೆಸ್ಟರಿನದಿರಲಿ.

ಲೆಕ್ಕ ಹೀಗೆ. 2.3ನ್ನು ಆ 680 ಕಿಲೋ ಓಮ್ ಮತ್ತು 0.1 ಮೈಕ್ರೊಫ್ಯಾರಡಿನಿಂದ ಗುಣಿಸಿದರೆ ಒಂದು ಮಿಡಿತಕ್ಕೆ ಸುಮಾರು 0.156 ಸೆಕೆಂಡು ಬರುತ್ತದೆ. 3ನೇ ಕಾಲು ಏಳುವುದು 8192 ಮಿಡಿತಗಳಾದ ಮೇಲೆ. ಅಂದರೆ ಸುಮಾರು 21 ನಿಮಿಷಕ್ಕೆ. ಗಣಕವು ಹದಿನೈದು ನಿಮಿಷಕ್ಕೊಮ್ಮೆ 12ನೇ ಕಾಲನ್ನು ತಟ್ಟಿ ಎಣಿಕೆಯನ್ನು ಸೊನ್ನೆಗೆ ತರಬೇಕು. ಇದೇ ಅಟ್ಟದ ಮೇಲಿನ ಕೂಗು. ಕೂಗು ತಪ್ಪಿದರೆ 3ನೇ ಕಾಲು ಏಳುತ್ತದೆ. ಅದರಿಂದ 0.1 ಮೈಕ್ರೊಫ್ಯಾರಡ್ ಮತ್ತು 10 ಕಿಲೋ ಓಮ್ ಸರಣಿಯಲ್ಲಿ ಬಿಸಿ 547 ಟ್ರಾನ್ಸಿಸ್ಟರಿನ ಬೇಸಿಗೆ, ಬೇಸಿನಿಂದ ಋಣಕ್ಕೆ 100 ಕಿಲೋ ಓಮ್, ಎಮಿಟರ್ ಋಣಕ್ಕೆ, ಕಲೆಕ್ಟರ್ ಗಣಕದ ರೀಸೆಟ್ ಕಾಲಿಗೆ. ಕೆಪಾಸಿಟರ್ ಇರುವುದರಿಂದ ಒಂದು ಕ್ಷಣದ ತಟ್ಟು ಮಾತ್ರ ಹೋಗುತ್ತದೆ. ಅದಿಲ್ಲದಿದ್ದರೆ ಎಬ್ಬಿಸಲು ಬಂದವನೇ ಕುತ್ತಿಗೆ ಹಿಡಿದು ಕುಳಿತಂತಾದೀತು.

ಇನ್ನೊಂದು ಮುಖ್ಯ ಮಾತು. ಗಣಕದಿಂದ 12ನೇ ಕಾಲಿಗೂ ನೇರ ತಂತಿ ಬೇಡ. ಅಲ್ಲಿಯೂ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಟ್ಟು, 12ನೇ ಕಾಲಿನಿಂದ ಋಣಕ್ಕೆ 100 ಕಿಲೋ ಓಮ್ ಹಾಕಿ. ಅದಕ್ಕೆ ಜೊತೆಯಾಗಿ 1ಎನ್ 4148 ಡಯೋಡ್, ಪಟ್ಟಿಯಿರುವ ತುದಿ 12ನೇ ಕಾಲಿನ ಕಡೆಗೆ. ಏಕೆಂದರೆ ಗಣಕ ಆ ಕಾಲನ್ನು ಎತ್ತಿಹಿಡಿದ ಸ್ಥಿತಿಯಲ್ಲೇ ಸ್ತಬ್ಧವಾದರೆ, ನೇರ ತಂತಿಯಲ್ಲಿ ಎಣಿಕೆ ಎಂದೆಂದೂ ಸೊನ್ನೆಯಲ್ಲೇ ನಿಲ್ಲುತ್ತದೆ. ಕಾವಲುಗಾರನನ್ನೇ ಕಟ್ಟಿಹಾಕಿದಂತೆ.

ತಂತಿಯ ಕೆಲಸ ಮುಗಿಯಿತು. ಪ್ರೋಗ್ರಾಮಿನ ಶಿಸ್ತು ಉಳಿಯಿತು. ಕೂಗು ಹಾಕುವ ಆಜ್ಞೆಯನ್ನು ಗಡಿಯಾರದ ಲಯಕ್ಕೆ ಕಟ್ಟಬೇಡಿ. ನಿದ್ದೆಗಣ್ಣಿನಲ್ಲೂ ಕೂಗುವ ಹುಡುಗನಿಂದ ಬೆಳೆ ಉಳಿಯುವುದಿಲ್ಲ. ತೇವ ಅಳೆದು ಬಂದ ಅಂಕಿ ನಂಬುವಂತಿದೆಯೇ? ಸಮಯ ಮುಂದೆ ಹೋಗಿದೆಯೇ? ವಾಲ್ವ್ ಹೇಳಿದ ಹೊತ್ತಿಗಿಂತ ಹೆಚ್ಚು ತೆರೆದಿಲ್ಲವೇ? ಮೂರಕ್ಕೂ ಸಹಿ ಬಿದ್ದ ಮೇಲೆಯೇ ಒಂದು ಕೂಗು. ರೀಸೆಟ್ ಆಗಿ ಎದ್ದ ಗಣಕದ ಮೊದಲ ಆಜ್ಞೆ 'ವಾಲ್ವ್ ಮುಚ್ಚು' ಎಂದಿರಲಿ. ವಾಲ್ವಿನ ಬ್ಯಾಟರಿಯನ್ನು ತೆರೆಯುವ ಮೊದಲೇ ಅಳೆಯಿರಿ. ಮುಚ್ಚಲು ಶಕ್ತಿಯಿಲ್ಲದವನು ತೆರೆಯಬಾರದು. ಎಷ್ಟು ಬಾರಿ ರೀಸೆಟ್ ಆಯಿತೆಂದು ಬರೆದಿಡಿ. ಮೂರು ದಾಟಿದರೆ ವಾಲ್ವ್ ಮುಚ್ಚಿಯೇ ಇಟ್ಟು ಕೆಂಪು ದೀಪ ಮಿನುಗಿಸಿ. ಮತ್ತೆ ಮತ್ತೆ ಎಬ್ಬಿಸುವುದು ಔಷಧವಲ್ಲ, ರೋಗ ಹುಡುಕಬೇಕು.

ಪರೀಕ್ಷೆಯನ್ನು ತೋಟದಲ್ಲಲ್ಲ, ಮನೆಯ ಮೇಜಿನ ಮೇಲೆ ಮಾಡಿ. ಮಿಡಿತದ ಕೆಪಾಸಿಟರನ್ನು 0.001 ಮೈಕ್ರೊಫ್ಯಾರಡಿಗೆ ಬದಲಿಸಿದರೆ 21 ನಿಮಿಷವು ಸುಮಾರು 13 ಸೆಕೆಂಡಿಗೆ ಇಳಿಯುತ್ತದೆ. ಐದು ಸೆಕೆಂಡಿಗೊಮ್ಮೆ ಕೂಗಿಸಿ ನೋಡಿ. ಆಮೇಲೆ ಬೇಕೆಂದೇ ಗಣಕವನ್ನು ಸ್ತಬ್ಧಗೊಳಿಸಿ. ಒಮ್ಮೆ ಕಾಲು ಎತ್ತಿದ ಸ್ಥಿತಿಯಲ್ಲಿ, ಒಮ್ಮೆ ಇಳಿಸಿದ ಸ್ಥಿತಿಯಲ್ಲಿ. ಎರಡರಲ್ಲೂ ಅದು ಎದ್ದು ಕುಳಿತರೆ ಸರಿ. ನಂತರ ಹಳೆಯ ಕೆಪಾಸಿಟರ್ ಹಾಕಿ, ಬಿಸಿಲಿನಲ್ಲೂ ನೆರಳಿನಲ್ಲೂ ಕಾಲ ಅಳೆಯಿರಿ. ಮೀಟರಿನಿಂದ ವಿದ್ಯುತ್ತಿನ ಖರ್ಚನ್ನೂ ಅಳೆಯಿರಿ. ಬ್ಯಾಟರಿ ವರ್ಷಗಟ್ಟಲೆ ಬಾಳಬೇಕೆಂದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎಲ್ 5010 ಎಂಬ ಚಿಪ್ಪಿದೆ. ಅದು ಸುಮಾರು 35 ನ್ಯಾನೊ ಆಂಪಿಯರಿನಲ್ಲಿ ಬದುಕಿ, ಎರಡು ಗಂಟೆಯವರೆಗೂ ಕಾಯಬಲ್ಲದು. ಆದರೆ ಕಲಿಯುವ ಕೈಗೆ 4060 ಒಳ್ಳೆಯ ಗುರು.

ಈ ಕಾವಲಿದ್ದರೂ ಗಣಕ ಕೆಡುವುದಿಲ್ಲ ಎಂದು ನಾನು ಹೇಳಲಾರೆ. ಕೆಟ್ಟಾಗ ಕಾಯದೆ ಹರಿಯುವ ನೀರು ಹೆಚ್ಚೆಂದರೆ ಇಪ್ಪತ್ತೊಂದು ನಿಮಿಷದ್ದು, ಸುಮಾರು 360 ಲೀಟರ್. ಟ್ಯಾಂಕರಿನಲ್ಲಿ ಮಿಕ್ಕ ನೀರು ನಿಮ್ಮ ಗಿಡಕ್ಕೇ ಉಳಿಯುತ್ತದೆ. ಮಾಡಿ ನೋಡಿ.