ನಾಯಿಯ ಕೂದಲು ಬಣ್ಣ ಬದಲಾಯ್ತಾ? ಶಾಂಪೂಗಿಂತ ಮೊದಲು ಬುಡ ನೋಡಿ

ವರ್ತೂರು, ಸರ್ಜಾಪುರ, ಆನೇಕಲ್ ಕಡೆ ತೋಟಗಳಿಗೆ ಹೋದಾಗೆಲ್ಲ ಹುಡುಗರು ನನ್ನನ್ನ ಕೇಳೋದು ಒಂದೇ: "ಅಣ್ಣಾ, ನಮ್ ಬಿಳಿ ನಾಯಿ ಕಾಲು ಕೆಂಪಗಾಗಿದೆ, ಯಾವ ಶಾಂಪೂ ಹಾಕ್ಲಿ?" ಶಾಂಪೂ ಆಮೇಲೆ. ಬಣ್ಣ ಎಲ್ಲಿಂದ ಬಂತು ಅನ್ನೋದು ಗೊತ್ತಾದ್ರೆ ಅರ್ಧ ಕೆಲಸ ಮುಗಿದಂಗೆ.

ಎರಡು ಸುಲಭ ಪರೀಕ್ಷೆ

ಒದ್ದೆ ಬಿಳಿ ಬಟ್ಟೆಯಿಂದ ಕೂದಲನ್ನ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದ್ರೆ ಅದು ಹೊರಗಿನಿಂದ ಬಂದದ್ದು. ಆಮೇಲೆ ಹಗಲು ಬೆಳಕಲ್ಲಿ ಕೂದಲು ಬಿಡಿಸಿ, ಬುಡದ ಫೋಟೋ ತೆಗೀರಿ. ವಾರಕ್ಕೊಂದು ಫೋಟೋ ಇಟ್ಟುಕೊಂಡ್ರೆ ಬದಲಾವಣೆ ಸರಿಯಾಗಿ ಗೊತ್ತಾಗುತ್ತೆ.

1. ಪಾದ, ಬಾಯಿ ಸುತ್ತ ತುಕ್ಕಿನ ಬಣ್ಣ

ನಾಯಿಯ ಜೊಲ್ಲು ಮತ್ತು ಕಣ್ಣೀರಲ್ಲಿ ಪೋರ್ಫಿರಿನ್ ಅನ್ನೋ ವಸ್ತು ಇರುತ್ತೆ. ಒಂದೇ ಜಾಗ ನೆಕ್ಕುತ್ತಾ ಇದ್ರೆ ಅದು ತಿಳಿ ಬಣ್ಣದ ಕೂದಲಿಗೆ ಹತ್ತಿ ಕೆಂಪು ಕಲೆಯಾಗುತ್ತೆ. ತೊಳೆದ್ರೂ ಪೂರ್ತಿ ಹೋಗಲ್ಲ. ನೆಕ್ಕೋದು ನಿಂತ್ರೆ ಹೊಸ ಕೂದಲು ಸ್ವಚ್ಛವಾಗಿ ಬರುತ್ತೆ. ಹಾಗಾಗಿ ನೆಕ್ಕೋದಕ್ಕೆ ಕಾರಣ ಹುಡುಕಿ: ಬೆರಳ ಸಂದಿಯಲ್ಲಿ ಉಣ್ಣೆ, ಚಿಗಟ, ಗಾಯ, ಅಲರ್ಜಿ ಅಥವಾ ಶಿಲೀಂಧ್ರ ಸೋಂಕು. ಕೆಸರಲ್ಲಿ ಓಡಾಡಿ ಬಂದ ಮೇಲೆ ಪಾದ ತೊಳೆದು, ಸಂದಿಗಳನ್ನ ಒಣಗಿಸಿ.

ಉಣ್ಣೆ ಇದ್ದು, ನಾಯಿ ಊಟ ಬಿಟ್ಟು ಮಂಕಾಗಿದ್ರೆ ಒಸಡು ನೋಡಿ. ಬಿಳಚಿಕೊಂಡಿದ್ರೆ ಅಥವಾ ಮೂಗಲ್ಲಿ ರಕ್ತ ಬಂದ್ರೆ ಅದು ಉಣ್ಣೆ ಜ್ವರ ಇರಬಹುದು, ಪ್ರಾಣಕ್ಕೇ ಅಪಾಯ. ಅವತ್ತೇ ಪಶು ಆಸ್ಪತ್ರೆಗೋ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಕರ್ಕೊಂಡ್ ಹೋಗಿ.

2. ಕಪ್ಪು ನಾಯಿ ಕಂದಾಗೋದು

ತುದಿ ಮಾತ್ರ ಕೆಂಪಾಗಿ ಬುಡ ಕಪ್ಪಗಿದ್ರೆ ಹೆಚ್ಚಾಗಿ ಬಿಸಿಲಿನ ಕೆಲಸ. ನೆರಳು ಮಾಡಿಕೊಡಿ. ಹೊಸ ಕೂದಲೂ ಬುಡದಿಂದಲೇ ಕೆಂಪಗೆ ಬರ್ತಿದ್ರೆ ಆಹಾರ ಯೋಚಿಸಿ. ಕಪ್ಪು ಬಣ್ಣ ತಯಾರಾಗೋಕೆ ಪ್ರೋಟೀನ್‌ನಲ್ಲಿರೋ ಟೈರೋಸಿನ್ ಬೇಕು, ತಾಮ್ರವೂ ಬೇಕು. ಬರೀ ಮುದ್ದೆ, ಹಾಲು-ಅನ್ನ ಸಾಲದು. ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಮೂಳೆಯಿಲ್ಲದ ಕೋಳಿಮಾಂಸ ಸೇರಿಸಿ. ತಾಮ್ರದ ಔಷಧವನ್ನ ನೀವೇ ಕೊಡ್ಬೇಡಿ, ಹೆಚ್ಚಾದ್ರೆ ಲಿವರ್ ಕೆಡುತ್ತೆ.

3. ನೀಲಿ, ಹಸಿರು ಥರ ವಿಚಿತ್ರ ಬಣ್ಣ

2017ರ ಆಗಸ್ಟ್‌ನಲ್ಲಿ ನವಿ ಮುಂಬೈನ ತಲೋಜಾ ಕೈಗಾರಿಕಾ ಪ್ರದೇಶದಲ್ಲಿ ಬೀದಿನಾಯಿಗಳು ನೀಲಿಯಾಗಿದ್ದವು. ಅಲ್ಲಿನ ಕಸಾಡಿ ನದಿಗೆ ಕಾರ್ಖಾನೆ ಬಣ್ಣ ಸೇರುತ್ತಿತ್ತು ಅನ್ನೋ ದೂರು ಎದ್ದು, ಮಾಲಿನ್ಯ ನಿಯಂತ್ರಣ ಮಂಡಳಿ ಒಂದು ಘಟಕವನ್ನ ಮುಚ್ಚಿಸಿತು. ಪೀಣ್ಯದಂಥ ಕಡೆ ಇರೋರು ಇದನ್ನ ನೆನಪಿಡಿ. ಇಂಥ ಬಣ್ಣ ಕಂಡ್ರೆ ಕೈಗವಸು ಹಾಕಿ ತಕ್ಷಣ ತೊಳೀರಿ, ನಾಯಿ ನೆಕ್ಕದ ಹಾಗೆ ನೋಡ್ಕೊಳ್ಳಿ. ನೀರಿನ ಫೋಟೋ ತೆಗೆದು ಮಂಡಳಿಗೆ ದೂರು ಕೊಡಿ. ಆ ಮೋರಿ ನೀರು ನಿಮ್ಮ ಹಸು, ಹುಲ್ಲು, ಸೊಪ್ಪಿನ ಮಡಿಗೂ ಹೋಗ್ತಿದೆಯಾ, ಅದನ್ನೂ ಅವತ್ತೇ ನೋಡಿ.

ಇವನ್ನ ಮಾಡ್ಬೇಡಿ

ಸುಟ್ಟ ಆಯಿಲ್, ಸೀಮೆಎಣ್ಣೆ, ಬ್ಲೀಚಿಂಗ್ ಪೌಡರ್, ತಲೆಗೂದಲಿನ ಡೈ ಹಚ್ಚಬೇಡಿ. ನಾಯಿ ಅದನ್ನ ನೆಕ್ಕುತ್ತೆ. ಹಸುವಿಗೆ ತಂದ ಉಣ್ಣೆ ಔಷಧಾನ ಅಂದಾಜಿನಲ್ಲಿ ಹಾಕ್ಬೇಡಿ. ನಾಯಿಯ ತೂಕ ಹೇಳಿ ಡಾಕ್ಟರ್ ಹತ್ರ ಬರೆಸ್ಕೊಳ್ಳಿ.