ಇಳಿವಯಸ್ಸಿನ ಸವಾರಿ

ವಯಸ್ಸು ಏರಿದಂತೆ ದೇಹಬಲವು ಕುಂದುವುದನ್ನು ನಾವೆಲ್ಲರೂ ಬಲ್ಲೆವು. ಕುಂದಿದ ಬಲವನ್ನು ಮರಳಿ ಪಡೆಯಲು ಸಾಧ್ಯವೇ? ಫ್ರಾನ್ಸಿನ ರೋಬೆರ್ ಮಾರ್ಷಾನ್ ಎಂಬವರ ಬಾಳು ಈ ಪ್ರಶ್ನೆಗೆ ಉತ್ತರವೀಯುತ್ತದೆ. 1911ರಲ್ಲಿ ಜನಿಸಿದ ಇವರು ಅರುವತ್ತು ದಾಟಿದ ಮೇಲೆ ಬೈಸಿಕಲ್ ಸವಾರಿಯನ್ನು ಮತ್ತೆ ಕೈಗೊಂಡರು. 2012ರಲ್ಲಿ, ನೂರು ತುಂಬಿದ ಬಳಿಕ, ಒಂದು ಗಂಟೆಯಲ್ಲಿ 24.25 ಕಿಲೋಮೀಟರು ಕ್ರಮಿಸಿದರು. 2014ರಲ್ಲಿ ಅದೇ ಅವಧಿಯಲ್ಲಿ ಕ್ರಮಿಸಿದ ದೂರ 26.927 ಕಿಲೋಮೀಟರು!

ಈ ಹೆಚ್ಚಳವು ಅಲ್ಪವೆಂದು ತೋರಬಹುದು. ಭೌತವಿಜ್ಞಾನವು ಹಾಗೆನ್ನುವುದಿಲ್ಲ. ಸಮತಟ್ಟಾದ ಹಾದಿಯಲ್ಲಿ ವೇಗವಾಗಿ ಸಾಗುವ ಸವಾರನಿಗೆ ಗಾಳಿಯೇ ಮುಖ್ಯವಾದ ತಡೆ. ಈ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗವು ಶೇಕಡ 11ರಷ್ಟು ಏರಬೇಕಾದರೆ ಗಾಳಿಯೆದುರು ಸುಮಾರು ಶೇಕಡ 37ರಷ್ಟು ಅಧಿಕ ಸಾಮರ್ಥ್ಯ ಬೇಕು. ಅವರನ್ನು ಪರೀಕ್ಷಿಸಿದ ವಿಜ್ಞಾನಿಗಳು ಕಂಡುದೇನು? ಎರಡು ವರ್ಷಗಳ ಸಾಧನೆಯಿಂದ ಅವರ ಗರಿಷ್ಠ ಸಾಮರ್ಥ್ಯವು 90 ವಾಟಿನಿಂದ 125 ವಾಟಿಗೆ ಏರಿತ್ತು. ದೇಹವು ಆಮ್ಲಜನಕವನ್ನು ಬಳಸಬಲ್ಲ ಮಿತಿಯೂ ಹೆಚ್ಚಿತ್ತು.

ಆ ಸಾಧನೆಯ ಕ್ರಮವು ಸರಳ: ಐದರಲ್ಲಿ ನಾಲ್ಕು ಪಾಲು ಹಗುರವಾದ ಸವಾರಿ, ಒಂದು ಪಾಲು ಮಾತ್ರ ಶ್ರಮದ ಸವಾರಿ. ಘನನಿಯಮದ ಪಾಠವೂ ಇದೇ ಅಲ್ಲವೇ? ವೇಗಕ್ಕೆ ತೆರಬೇಕಾದ ಬೆಲೆ ದೊಡ್ಡದು. ದೂರಕ್ಕೆ ತೆರಬೇಕಾದುದು ಅಷ್ಟಿಲ್ಲ. ಆದುದರಿಂದ ತಡವಾಗಿ ಆರಂಭಿಸುವವರು ಮೊದಲು ವೈದ್ಯರ ಸಲಹೆ ಪಡೆದು, ಮಾತನಾಡುತ್ತ ಸಾಗಬಲ್ಲಷ್ಟು ನಿಧಾನವಾಗಿ ತುಳಿಯಬೇಕು. ವಾರವಾರವೂ ದೂರವನ್ನು ತುಸುತುಸುವೇ ಬೆಳೆಸಿ, ಕೊನೆಯಲ್ಲಿ ವೇಗವನ್ನು ಕೂಡಿಸಬೇಕು.

ಮಾರ್ಷಾನರು 2021ರಲ್ಲಿ, 109ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಬ್ಬರ ಉದಾಹರಣೆಯು ಎಲ್ಲರಿಗೂ ನಿಯಮವಾಗದು, ನಿಜ. ಆದರೂ ನಮ್ಮ ತರುಣ ವಾಚಕರ ಮನೆಯ ಹಿರಿಯರು ಮೂಲೆಯ ಬೈಸಿಕಲ್ಲಿನ ಧೂಳು ಒರೆಸಹೊರಟರೆ, ನಗುವ ಬದಲು ಅದರ ಗಾಲಿಗೆ ಗಾಳಿ ತುಂಬಿಕೊಡೋಣ.